ರೂತಳ ಊರಿನ ಗುಡಿ

ಹೊರಡುವ ಮೊದಲು

ಪರದೇಶಕ್ಕೆ ಹೋಗಿಬಂದೆ ಅಂದರೆ ಧಾರವಾಡದ ಮಂದಿ ಯಾವ ಹಡಗು ಅಂತ ಕೇಳುತ್ತಾರೆ. ನಾನು ಹೋದ ಪರದೇಶಕ್ಕೆ ಹಡಗು ಬೇಕಿರಲಿಲ್ಲ, ಸೊಲ್ಲಾಪುರದಲ್ಲಿ ಗಾಡಿ ಬದಲಿಸಿದರೆ ಸಾಕಿತ್ತು. ಆದರೂ ಅದು ಪರದೇಶವೇ. ಅಲ್ಲಿ ನಾಣ್ಯ ಬೇರೆ, ಅಂಚೆ ಚೀಟಿ ಬೇರೆ, ಕಚೇರಿಯ ಕಾಗದವೆಲ್ಲ ಉರ್ದು. ನಮ್ಮ ಹಿರಿಯರು ಅದನ್ನು ಮೊಗಲಾಯಿ ಅನ್ನುತ್ತಿದ್ದರು. ನಿಜಾಮರ ಆ ಹೈದರಾಬಾದ್ ಸಂಸ್ಥಾನದೊಳಗೆ ಭಾರತದ ದಂಡು ಹೊಕ್ಕು, ಪೊಲೀಸ್ ಕಾರ್ಯಾಚರಣೆ ಮುಗಿದು ಮೂರು ತಿಂಗಳಾಗಿತ್ತು. ಆಗ ಹೋದವನು ನಾನು.

ಕೋಟೆ ನೋಡಲಿಕ್ಕೆ ಹೋದದ್ದಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಓದುವವರು ಬೈಯಬಾರದು. ನಾನು ನಮ್ಮ ಕ್ರೈಸ್ತ ಸಭೆಯ ಉಪದೇಶಿ. ಪಾದ್ರಿ ಅಯ್ಯನವರು ಊರಲ್ಲಿಲ್ಲದಾಗ ಪ್ರಾರ್ಥನೆ ನಡೆಸುವುದು, ಕಾಯಿಲೆಯವರ ಮನೆಗೆ ಹೋಗಿ ನಾಲ್ಕು ಸಮಾಧಾನದ ಮಾತು ಹೇಳುವುದು, ಭಾನುವಾರ ದೇವಾಲಯದ ಗಂಟೆ ಬಾರಿಸುವುದು ನನ್ನ ಕೆಲಸ. ನನ್ನ ಹೆಂಡತಿ ರೂತ ತೀರಿಕೊಂಡ ಮೇಲೆ, ಎರಡು ವರ್ಷದಿಂದ, ನನಗೆ ಪ್ರಾರ್ಥನೆ ಬರುತ್ತಿರಲಿಲ್ಲ. ಬಾಯಿ ನಡೆಯುತ್ತಿತ್ತು, ಅಷ್ಟೇ. ಶಾಲೆಯಲ್ಲಿ ಹಾಜರಿ ಕರೆದಂತೆ ದೇವರನ್ನು ಕರೆಯುತ್ತಿದ್ದೆ. ಆ ಕಡೆಯಿಂದ 'ಹಾಜರ್' ಅನ್ನುವವರಿರಲಿಲ್ಲ. ಇಂಥವನು ಇನ್ನೊಬ್ಬರ ಹಾಸಿಗೆಯ ಬದಿಗೆ ಕೂತು ಕಣ್ಣು ಮುಚ್ಚುವುದು ಮೋಸವಲ್ಲವೇ? ಹಾಗಂತ ಒಂದು ರಾಜೀನಾಮೆ ಚೀಟಿ ಬರೆದು ಅಯ್ಯನವರ ಮುಂದೆ ಹಿಡಿದೆ.

ಅಯ್ಯನವರು ಅದನ್ನು ಓದಿ, ಮಡಚಿ, ನನ್ನ ಕೋಟಿನ ಕಿಸೆಗೇ ತುರುಕಿದರು. "ಸಮುವೇಲಪ್ಪನವರ, ರೂತವ್ವನ ಊರು ನೋಡೀರೇನು?" ಅಂದರು.

ನೋಡಿರಲಿಲ್ಲ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದರೂ ನೋಡಿರಲಿಲ್ಲ. ಅವಳು ಹುಟ್ಟಿದ್ದು ಔರಾದಿನ ಆಚೆ ಒಂದು ಹಳ್ಳಿಯಲ್ಲಿ. ಓದಿದ್ದು ಭಾಲ್ಕಿಯ ಮಿಶನ್ ಸಾಲೆಯಲ್ಲಿ. ನಮ್ಮ ಮದುವೆ ಆದದ್ದು ಬೀದರದ ದೇವಾಲಯದಲ್ಲಿ. ಪ್ರತಿ ಬೇಸಿಗೆಗೆ ಅವಳು ಊರಿಗೆ ಕರೆಯುವಳು, ನಾನು ಏನಾದರೊಂದು ನೆವ ತೆಗೆಯುವೆ, ಅವಳೊಬ್ಬಳೇ ಹೋಗಿಬರುವಳು. ಬಂದು ಹೇಳುವಳು, "ನಮ್ಮೂರ ಗುಡಿಯಾಗ ಸುಮ್ಮನ ಕುಂತ್ರ ದೇವರು ಉಸರಾಡೂದು ಕೇಳ್ತದ." ನಾನು ನಗುತ್ತಿದ್ದೆ. "ಅದು ಬಾವಲಿ ಇರಬೇಕು ನೋಡು" ಅನ್ನುತ್ತಿದ್ದೆ.

"ಕ್ರಿಸ್ಮಸ್ಸಿಗೆ ಮೊದಲು ಹೋಗಿ ಬರ್ರಿ. ಬಂದ ಮ್ಯಾಲ ಚೀಟಿ ಕೊಡೂದಾದ್ರ ಕೊಡ್ರಿ, ನಾ ಇಸಕೋತೇನಿ" ಅಂದರು ಅಯ್ಯನವರು. ಒಂದು ಡಬ್ಬಿ ಪೇಡೆ ಕೊಂಡುಕೊಂಡು ಗಾಡಿ ಹತ್ತಿದೆ.

ಗಡಿ

ಸೊಲ್ಲಾಪುರ ದಾಟಿದ ಮೇಲೆ ಗಡಿ ಸುಂಕದವನೊಬ್ಬ ರೈಲಿನ ಡಬ್ಬಿಯೊಳಗೆ ಬಂದ. ಕರೋಡಗಿರಿ ಅಂತ ಅವನ ಖಾತೆಯ ಹೆಸರು. ಕೇಳಿದರೇ ಜೀವ ಝಲ್ಲೆನ್ನುತ್ತದೆ. ಸಂಸ್ಥಾನ ಭಾರತಕ್ಕೆ ಸೇರಿತೆಂದು ನಾವು ಪತ್ರಿಕೆಯಲ್ಲಿ ಓದಿ ಸಕ್ಕರೆ ಹಂಚಿದ್ದೆವು. ಅವನು ಆ ಪತ್ರಿಕೆ ಓದಿದಂತಿರಲಿಲ್ಲ. ನನ್ನ ಪೆಟ್ಟಿಗೆ ತೆಗೆಸಿ, ಬೈಬಲ್ಲು, ಎರಡು ಅಂಗಿ, ಕೊನೆಗೆ ಪೇಡೆಯ ಡಬ್ಬಿ ಹೊರಗಿಟ್ಟ.

"ಏನದ್ರಿ ಇದು?"

"ಪೇಡೆ ಐತ್ರಿ. ಧಾರವಾಡದ್ದು."

ಅವನು ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ನನಗೆ ಎರಡು ವರ್ಷದಿಂದ ಬಾರದ ಏಕಾಗ್ರತೆ ಅವನ ಮುಖದಲ್ಲಿ ಆಗ ಇತ್ತು. ಆಮೇಲೆ ಪೆಟ್ಟಿಗೆಯನ್ನು ತಾನೇ ನೀಟಾಗಿ ಮುಚ್ಚಿ, "ಜೋಪಾನ ಹೋಗ್ರಿ ಸಾಹೇಬ್, ಹಳ್ಳಿ ಕಡೆ ಮಂದಿ ಇನ್ನಾ ಹೆದರ್ಯಾರ" ಅಂದ. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಈ ಕಥೆ ಬೇರೆಯಾಗುತ್ತಿತ್ತು.

ಬೀದರ

ಬೀದರದ ನೆಲ ಕೆಂಪು. ಗೋಡೆ ಕೆಂಪು, ಬಾವಿಯ ಒಳಗು ಕೆಂಪು, ಸಂಜೆ ಬಿಳಿ ಎಮ್ಮೆಯಿದ್ದರೆ ಅದೂ ಕೆಂಪಾಗುತ್ತಿತ್ತೋ ಏನೋ. ನಿಲ್ದಾಣದಿಂದ ಟಾಂಗಾದಲ್ಲಿ ಬರುವಾಗ ಹಳೆಯ ಮದರಸಾದ ಮಿನಾರು ಕಂಡಿತು. ಕಟ್ಟಡ ಅರ್ಧ ಬಿದ್ದಿದೆ, ಉಳಿದ ಅರ್ಧದ ಮೇಲೆ ನೀಲಿ ಹೆಂಚಿನ ಚೂರುಗಳು ಇನ್ನೂ ಹೊಳೆಯುತ್ತವೆ. ಟಾಂಗಾದವನಿಗೆ ನಿಲ್ಲಿಸಲು ಹೇಳಿ ಇಳಿದು ನಿಂತೆ. ಅಷ್ಟು ನೂರು ವರ್ಷ ಬಿಸಿಲು ಮಳೆ ತಿಂದು, ಅಷ್ಟು ರಾಜರು ಬಂದು ಹೋಗಿ, ಆ ನೀಲಿ ಇನ್ನೂ ನೀಲಿಯೇ ಇತ್ತು. ಧಾರವಾಡದಲ್ಲಿ ನಾವು ನೂರು ವರ್ಷದ ಮನೆಯನ್ನೇ ಹಳೆಯದು ಅನ್ನುತ್ತೇವೆ.

ನಮ್ಮ ಕ್ರೈಸ್ತ ದೇವಾಲಯಕ್ಕೆ ಅಲ್ಲಿಯವರು ಗುಡಿ ಎನ್ನುತ್ತಾರೆ. ಜಂಬಿಟ್ಟಿಗೆ ಕಲ್ಲಿನ ಎತ್ತರದ ಗೋಡೆ, ಒಳಗೆ ಬೆಂಚಿಲ್ಲ, ಉದ್ದಕ್ಕೆ ಹಾಸಿದ ಜಮಖಾನ. ಚಪ್ಪಲಿ ಹೊರಗೆ. ಬರಿಗಾಲಿಗೆ ಕಲ್ಲು ತಣ್ಣಗೆ ತಾಗಿದಾಗ ಮೂವತ್ತು ವರ್ಷದ ಹಿಂದಿನದು ನೆನಪಾಯಿತು. ಆಗ ಬೀದರಕ್ಕೆ ರೈಲು ಬಂದಿರಲಿಲ್ಲ. ಎತ್ತಿನ ಗಾಡಿಯಲ್ಲಿ ಎರಡು ದಿನ ಕುಲುಕಾಡಿ ಬಂದು ನಾನು ಮದುಮಗನಾಗಿ ನಿಂತದ್ದು ಇದೇ ಕಲ್ಲಿನ ಮೇಲೆ. ಸೊಂಟ ಹಿಡಿದುಕೊಂಡು ವಾಲಿ ನಿಂತಿದ್ದೆ. ರೂತ ಸೆರಗಿನೊಳಗೆ ನಕ್ಕಿದ್ದಳು.

ಅಲ್ಲೇ ಮೊಣಕಾಲೂರಿದೆ. ಮೇಲಿನ ಗವಾಕ್ಷಿಯಿಂದ ಬಿಸಿಲಿನ ಒಂದು ಕೋಲು ಇಳಿದು ಜಮಖಾನದ ಮೇಲೆ ಬಿದ್ದಿತ್ತು. ಇಷ್ಟು ಚೆಂದದ ಜಾಗದಲ್ಲಿ ದೇವರು ಮಾತಾಡದಿದ್ದರೆ ಇನ್ನೆಲ್ಲಿ ಮಾತಾಡುತ್ತಾನೆ ಅಂದುಕೊಂಡೆ.

ಮಾತಾಡಿದವನು ದಾನಪ್ಪ. ಗುಡಿ ನೋಡಿಕೊಳ್ಳುವ ಮುದುಕ.

"ಧಾರವಾಡದಿಂದ ಬಂದೀರೇನ್ರಿ? ಚಹಾ ಆಯ್ತೇನ್ರಿ? ಆ ಕಡಿ ಜ್ವಾಳ ಹ್ಯಾಂಗ ಬಂದದ್ರಿ?"

ಕಣ್ಣು ಮುಚ್ಚಿಯೇ ತಲೆ ಆಡಿಸಿದೆ. ಅವನು ನನ್ನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಪಾರಿವಾಳಗಳ ಕಾಟ ಹೇಳಿದ. ಮೊಮ್ಮಗಳ ಹಲ್ಲುನೋವು ಹೇಳಿದ. ಕೊನೆಗೆ ನಾನು ತಡೆಯಲಾರದೆ, "ದಾನಪ್ಪನವರ, ನನ್ನನ್ನ ಒಂದ್ ಗಳಿಗಿ ಒಬ್ಬನ್ನೇ ಬಿಡ್ರಲ್ಲ" ಅಂದೆ.

ಅವನಿಗೆ ನಿಜವಾಗಿ ಗಾಬರಿಯಾಯಿತು. "ಬಂದ ಮಂದೀಗ ಒಬ್ಬರಿಗೇ ಬಿಡೂದು ಹ್ಯಾಂಗ್ರಿ? ನಮ್ಮ ಕಡಿ ಆ ಪದ್ಧತಿ ಇಲ್ರಿ" ಅಂದ. ಹೌದು, ಆ ಸೀಮೆಯಲ್ಲಿ ನಾನು ಕಂಡದ್ದು ಅದೇ. ಅತಿಥಿಯನ್ನು ಒಂಟಿಯಾಗಿ ಬಿಟ್ಟರೆ ಅವಮಾನ ಮಾಡಿದಂತೆ. ಮಲಗಿದರೆ ಪಕ್ಕದಲ್ಲೊಬ್ಬರು ಮಲಗುತ್ತಾರೆ, ಕೆರೆಯ ಕಡೆ ಹೋದರೆ ಹಿಂದೊಬ್ಬರು ಕೆಮ್ಮುತ್ತ ಬರುತ್ತಾರೆ. ಮೌನ ಹುಡುಕಿಕೊಂಡು ಬಂದವನಿಗೆ ಇದಕ್ಕಿಂತ ಕಷ್ಟದ ದೇಶ ಇಲ್ಲ.

ಸಂಜೆಯ ಪ್ರಾರ್ಥನೆಗೆ ಹೊತ್ತಾದಾಗ ದಾನಪ್ಪ ಗಂಟೆಯ ಹಗ್ಗ ಬಿಚ್ಚಿದ. ನನ್ನ ಕೈ ತುರಿಸಿತು. ಕೇಳಿ ಇಸಕೊಂಡೆ. ನಮ್ಮಲ್ಲಿ ಗಂಟೆಯನ್ನು ಬಿಡುವಿಲ್ಲದೆ ಬಡಬಡ ಬಾರಿಸುವುದು ರೂಢಿ, ಹಾಗೇ ಬಾರಿಸಿದೆ. ದಾನಪ್ಪ ಕಿವಿಯ ಮೇಲೆ ಕೈಯಿಟ್ಟುಕೊಂಡು, "ಭಾಳ ಅವಸರದ ಕೈ ಅದರಿ ನಿಮ್ದು, ದೇವರು ಎಲ್ಲಿ ಓಡಿ ಹೋಗ್ಲತ್ಯಾನ್ರಿ?" ಅಂದ. ಜನ ನಗುತ್ತ ಬಂದರು. ಅಂದು ನನಗೆ ಪ್ರಾರ್ಥನೆ ಬರಲಿಲ್ಲ.

ಭಾಲ್ಕಿ

ಭಾಲ್ಕಿ ಬೀದರದಿಂದ ಮುಂದಿನ ದಾರಿಯಲ್ಲಿದೆ. ನಿಲ್ದಾಣದಲ್ಲಿ ತೊಗರಿ ಚೀಲ, ಕಬ್ಬಿನ ಗಾಡಿ, ಹಮಾಲರ ಕೂಗು. ಗುಡಿಯ ಪಕ್ಕದ ಅಂಗಡಿಯ ಬಂಡೆಪ್ಪನವರಿಗೆ ಅಯ್ಯನವರು ಕಾಗದ ಬರೆದಿದ್ದರು. ಅವರು ಲಿಂಗಾಯತರು, ಕಾಳಿನ ವ್ಯಾಪಾರಿ. "ಶರಣರಿ, ಬರ್ರಿ" ಅಂತ ಕೈಮುಗಿದು ಒಳಗೆ ಕರೆದರು. ನಾನು ಮುಖ ತೊಳೆದವನೇ ಗುಡಿಗೆ ಓಡಿದೆ, ಬೇರೆ ಯಾರಾದರೂ ಜೊತೆಗೆ ಹೊರಡುವ ಮೊದಲು.

ಗುಡಿಯ ಬಾಗಿಲು ತೆಗೆದರೆ ಹೊಗೆ. ಒಳಗೆ ಹದಿನೈದಿಪ್ಪತ್ತು ಹೆಂಗಸರು, ಮಕ್ಕಳು, ಗಂಟುಮೂಟೆ. ಒಬ್ಬಳು ಬೀಸುತ್ತಿದ್ದಾಳೆ, ಒಬ್ಬಳು ತೊಟ್ಟಿಲು ತೂಗುತ್ತಿದ್ದಾಳೆ. ಸುತ್ತಲ ಹಳ್ಳಿಗಳಲ್ಲಿ ಮನೆ ಸುಟ್ಟುಹೋದವರು, ಗಂಡ ಇಲ್ಲದಾದವರು. ಕೆಲವರು ಗಲಾಟೆಯ ಮೊದಲ ಪಾಳಿಗೆ, ನಿಜಾಮರ ಕಡೆಯ ಪುಂಡರು ಬಂದಾಗ, ಕಳೆದುಕೊಂಡವರು, ಕೆಲವರು ಎರಡನೆಯದಕ್ಕೆ, ದಂಡು ಬಂದ ಮೇಲಿನ ಸೇಡಿಗೆ. ಕುಂಕುಮ ಇಟ್ಟವಳು, ಇಡದವಳು, ನಮಾಜು ಮಾಡುವವಳು ಒಂದೇ ಒಲೆಯ ಸುತ್ತ ಕೂತಿದ್ದರು.

ನೋಡಿ, ನನ್ನ ಸಣ್ಣತನವನ್ನೂ ಬರೆಯುತ್ತೇನೆ. ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದೂರ ಬಂದು ಇಲ್ಲೂ ಸಂತೆಯೇ ಅಂದುಕೊಂಡೆ. ಹೇಗೋ ಮೂಲೆಯೊಂದು ಹುಡುಕಿ, ಬಟ್ಟೆ ಹಾಸಿದ್ದ ಮೆತ್ತನೆಯ ಜಾಗ ನೋಡಿ ಮೊಣಕಾಲೂರಿದೆ. ಚಟಚಟ ಸದ್ದಾಯಿತು. ಬಟ್ಟೆಯ ಕೆಳಗೆ ರೊಟ್ಟಿಯ ಬುಟ್ಟಿ ಇತ್ತು.

"ಅಯ್ಯಯ್ಯ! ಕಟಕ ರೊಟ್ಟಿ ಎಲ್ಲಾ ಹಿಟ್ಟು ಮಾಡಿದ್ರಲ್ರೀ!" ಅಂತ ಒಬ್ಬ ಮುದುಕಿ ಬಂದಳು. ನಾನು ಎದ್ದು ಕೈಮುಗಿಯುವಷ್ಟರಲ್ಲಿ ಅವಳು ನಗಲಿಕ್ಕೆ ಹತ್ತಿದಳು. ಅವಳನ್ನು ನೋಡಿ ಇನ್ನೊಬ್ಬಳು ನಕ್ಕಳು. ಗುಡಿ ತುಂಬ ನಗು. "ಇವರು ಮೂರು ತಿಂಗಳಾಗ ನಕ್ಕಿದ್ದು ಇವತ್ತೇ ನೋಡ್ರಿ" ಅಂತ ಬಾಗಿಲಲ್ಲಿ ನಿಂತಿದ್ದ ಬಂಡೆಪ್ಪನವರು ಹೇಳಿದರು. ಅವರು ನನ್ನ ಹಿಂದೆಯೇ ಬಂದಿದ್ದರು. ಒಬ್ಬನನ್ನೇ ಬಿಡುವ ಪದ್ಧತಿ ಇಲ್ಲವಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಒಂದು ನೋಟ ಕಂಡೆ. ಹಮಾಲರು ಚೀಲ ಎಸೆಯುತ್ತಿದ್ದಾರೆ, ತಕ್ಕಡಿ ಗುಡುಗುತ್ತಿದೆ, ದಾರಿಯಲ್ಲಿ ಎತ್ತು ಜಗಳಾಡುತ್ತಿವೆ. ಆ ಗದ್ದಲದ ನಡುವೆ ಬಂಡೆಪ್ಪನವರು ಮಡಿ ಉಟ್ಟು, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಅದನ್ನೇ ನೋಡುತ್ತ ಕೂತಿದ್ದರು. ರೆಪ್ಪೆ ಅಲುಗಲಿಲ್ಲ. ನಾನು ಅವರನ್ನು ನೋಡುತ್ತ ನಿಂತೆ. ಅಂಗೈಯಷ್ಟೇ ಜಾಗ, ಅದರಲ್ಲಿ ಅವರ ಗುಡಿ, ಅವರ ದೇವರು, ಅವರ ಮೌನ ಎಲ್ಲ ಇತ್ತು. ನನಗೆ ಅಸೂಯೆಯಾಯಿತು ಅಂದರೆ ಸುಳ್ಳಲ್ಲ.

ಪೂಜೆ ಮುಗಿದ ಮೇಲೆ ಕೇಳಿದೆ, "ಈ ಗದ್ದಲದಾಗ ಅದು ಹ್ಯಾಂಗ ಸಾಧಿಸ್ತೈತ್ರಿ ನಿಮಗ?"

"ಗದ್ದಲ ಇತ್ತೇನ್ರಿ?" ಅಂದರು. ಅಣಕವಲ್ಲ, ನಿಜವಾಗಿ ಕೇಳಿದರು. ಆಮೇಲೆ ಹಮಾಲರ ಕಡೆ ತಿರುಗಿ, ಎರಡು ಚೀಲ ಜೋಳ ಗುಡಿಯ ಹೆಂಗಸರಿಗೆ ಹಾಕಿಬರಲು ಕೂಗಿ ಹೇಳಿದರು.

ಔರಾದಿನ ಆಚೆ

ಔರಾದಿನ ತನಕ ಸರ್ವೀಸ್ ಮೋಟಾರು. ಅಲ್ಲಿಂದ ತೊಗರಿ ಕಟ್ಟಿಗೆಯ ಗಾಡಿ. ಶನಿವಾರ ಸಂಜೆ ರೂತಳ ಊರು ಮುಟ್ಟಿದೆ. ಅವಳ ಚಿಗವ್ವ ಮಾರ್ತವ್ವ ಬಾಗಿಲಲ್ಲಿ ಕಾದಿದ್ದಳು. ಎಪ್ಪತ್ತು ದಾಟಿದ ಜೀವ, ಬೆನ್ನು ನೆಟ್ಟಗೆ. ಕಾಲಿಗೆ ನೀರು ಕೊಟ್ಟಳು. ಕೊಟ್ಟು, ನನ್ನ ಮುಖ ನೋಡಿ, "ಈಗ ಬಂದ್ರಿ, ಅಳ್ಯಾರ" ಅಂದಳು. ಅಷ್ಟೇ ಅಂದಳು. ಬೈದಿದ್ದರೆ ಚಲೋ ಇತ್ತು.

ಮನೆಯಲ್ಲಿ ಇನ್ನೊಬ್ಬ ಹೆಂಗಸಿದ್ದಳು, ಹರೆಯದವಳು, ಸೊಂಟದ ಮೇಲೆ ವರ್ಷದ ಕೂಸು. "ಇಕಿ ಖಾಜಾಬೀ. ನಮ್ಮ ಜೋಡಿ ಇರ್ತಾಳ" ಅಂದಳು ಮಾರ್ತವ್ವ. ಅವಳ ಗಂಡ ಎಲ್ಲಿ ಅಂತ ನಾನು ಕೇಳಲಿಲ್ಲ. ಭಾಲ್ಕಿಯ ಗುಡಿ ನೋಡಿ ಬಂದವನು ಕೇಳುವುದಿಲ್ಲ. ಪುಂಡಿಪಲ್ಯ, ಬಿಸಿರೊಟ್ಟಿ ಉಂಡೆವು. ಪೇಡೆ ಹಂಚಿದೆ. ಮಾರ್ತವ್ವ ಎರಡು ಪೇಡೆ ನನ್ನ ಕೈಗೇ ತಿರುಗಿ ಇಟ್ಟು, "ರೂತನ ಪಾಲಿಂದು ಇರಲಿ" ಅಂದಳು. ಅವನ್ನು ಸುತ್ತಲು ಬೇರೆ ಕಾಗದ ಸಿಗಲಿಲ್ಲ. ಕಿಸೆಯಲ್ಲಿದ್ದ ರಾಜೀನಾಮೆ ಚೀಟಿಯಲ್ಲೇ ಸುತ್ತಿಟ್ಟುಕೊಂಡೆ. ಚೀಟಿ ಮತ್ತೆ ಬರೆಯಬಹುದು ಅಂದುಕೊಂಡೆ.

"ಗುಡಿಗಿ ನಾಳಿ ಎಲ್ಲಾರೂ ಕೂಡೇ ಹೋಗೂಣ್ರಿ" ಅಂದಳು ಮಾರ್ತವ್ವ. ಇಲ್ಲೂ ಅದೇ ಕಥೆ. ನಾನು ಒಂದು ಉಪಾಯ ಮಾಡಿದೆ. ಭಾನುವಾರ ಕೋಳಿ ಕೂಗುವ ಹೊತ್ತಿಗೆ, ಎಲ್ಲರೂ ಏಳುವ ಮೊದಲು, ಕಳ್ಳನ ಹಾಗೆ ಹೊರಬಿದ್ದೆ.

ಗುಡಿ ಊರಿನ ಅಂಚಿಗಿತ್ತು. ರೂತಳ ಅಜ್ಜನ ಕಾಲದ್ದು. ಕಲ್ಲು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ನಮ್ಮ ಮನೆಯ ಪಡಸಾಲೆಯಷ್ಟೇ ದೊಡ್ಡದು. ಸಾರಿಸಿದ ನೆಲದ ವಾಸನೆ. ಗೋಡೆಯಲ್ಲಿ ಸಾಲಾಗಿ ತಲೆ ಒರಗಿ ಒರಗಿ ಆದ ಎಣ್ಣೆಯ ಕಲೆಗಳು. ಅದರಲ್ಲೊಂದು ಅವಳದಿರಬೇಕು. ನಾನು ಕೂತೆ. ಕೊನೆಗೂ ಒಬ್ಬನೇ. ದಾನಪ್ಪನಿಲ್ಲ, ರೊಟ್ಟಿಯ ಬುಟ್ಟಿಯಿಲ್ಲ. ಉಸಿರು ಬಿಗಿಹಿಡಿದು ಕಿವಿಗೊಟ್ಟೆ.

ಏನೂ ಕೇಳಲಿಲ್ಲ. ಬಾವಲಿ ಕೂಡ ಇರಲಿಲ್ಲ.

ಎಷ್ಟು ಹೊತ್ತು ಕೂತೆನೋ. ಕಾಲು ಜೋಮು ಹಿಡಿಯಿತು, ಕಣ್ಣಲ್ಲಿ ನೀರು ಬಂತು. ಮುಗಿಯಿತು, ಊರಿಗೆ ಹೋಗಿ ಚೀಟಿ ಕೊಡುವುದೇ ಸರಿ ಅಂತ ಎದ್ದೆ. ಹೊರಗೆ ಬೇವಿನ ಮರಕ್ಕೆ ರೈಲು ಹಳಿಯ ಒಂದು ತುಂಡು ತೂಗುಹಾಕಿತ್ತು, ಪಕ್ಕದಲ್ಲಿ ಬಡಿಯಲು ಕಬ್ಬಿಣದ ಸಲಾಕೆ. ಆ ಊರಿನ ಗಂಟೆ ಅದು. ಭಾನುವಾರ, ಬೆಳಗು ಹರಿದಿದೆ, ಯಾರೂ ಬಾರಿಸಿಲ್ಲ. ಉಪದೇಶಿಯಾಗಿ ಕೊನೆಯದೊಂದು ಕೆಲಸ ಮಾಡೋಣ ಅನಿಸಿತು. ಎತ್ತಿಕೊಂಡು ಬಾರಿಸಿದೆ, ಧಾರವಾಡದ ಕೈಯಲ್ಲಿ, ಬಡಬಡ ಬಡಬಡ.

ತೊಗರಿ ಹೊಲ

ಮೊದಲು ನಾಯಿಗಳು ಬೊಗಳಿದವು. ಆಮೇಲೆ ಬಾಗಿಲುಗಳು ಢಬಢಬ ಅಂದವು. ನಾನು ಮುಗುಳ್ನಕ್ಕೆ, ಎಂಥ ಭಕ್ತಿಯ ಊರಪ್ಪ ಅಂದುಕೊಂಡೆ. ತಿರುಗಿ ನೋಡಿದರೆ ಜನ ಓಡುತ್ತಿದ್ದಾರೆ. ಗುಡಿಯ ಕಡೆಗಲ್ಲ, ಹೊಲದ ಕಡೆಗೆ. ಕೂಸುಗಳನ್ನು ಬಗಲಲ್ಲಿ ಅವಚಿಕೊಂಡು, ಮುದುಕರನ್ನು ಬೆನ್ನಿಗೆ ಹಾಕಿಕೊಂಡು. ಯಾರೂ ಕೂಗುತ್ತಿಲ್ಲ. ಬರಿಗಾಲಿನ ದಪದಪ ಸದ್ದು ಬಿಟ್ಟರೆ ಒಂದು ಸೊಲ್ಲಿಲ್ಲ.

ಯಾರೋ ಬಂದರು, ಊರ ಮೇಲೆ ಬಿದ್ದರು ಅಂತ ತಿಳಿದೆ. ನಾನು ಗಂಟೆ ಬಾರಿಸುವುದಕ್ಕೂ ಅವರು ಬರುವುದಕ್ಕೂ ಸರಿಯಾಯಿತಲ್ಲ ದೇವರೇ ಅಂದುಕೊಂಡೆ. ನನ್ನ ಬುದ್ಧಿಗೆ ಅಷ್ಟೇ ಹೊಳೆಯಿತು.

ಮಾರ್ತವ್ವ ಎಲ್ಲಿಂದಲೋ ಬಂದು ನನ್ನ ಮುಂಗೈ ಹಿಡಿದಳು. "ಓಡ್ರಿ ಅಳ್ಯಾರ!" ಎಪ್ಪತ್ತರ ಮುದುಕಿ ನನ್ನನ್ನು ಕರುವಿನಂತೆ ಎಳೆದುಕೊಂಡು ಓಡಿದಳು. ಒಂದು ಚಪ್ಪಲಿ ಹಾದಿಯಲ್ಲೇ ಉಳಿಯಿತು. ತೊಗರಿ ಆಳೆತ್ತರ ನಿಂತಿತ್ತು. ಒಳಗೆ ನುಗ್ಗಿ ಎಲ್ಲರೂ ಕುಕ್ಕರಗಾಲಲ್ಲಿ ಕೂತೆವು.

ಮತ್ತೆ ಮೌನ. ಅಂಥ ಮೌನವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಇಡೀ ಊರು ಹೊಲದಲ್ಲಿ ಕೂತಿದೆ, ಒಣಗಿದ ಕಾಯಿ ಒಂದು ಅಲುಗುತ್ತಿಲ್ಲ. ನನ್ನ ಬಲಕ್ಕೆ ಮಾರ್ತವ್ವ. ಎಡಕ್ಕೆ ಖಾಜಾಬೀ, ಕೂಸಿನ ಬಾಯಿಯ ಮೇಲೆ ಅಂಗೈ ಇಟ್ಟುಕೊಂಡು. ಮುಂದೆ ಜುಟ್ಟಿನ ಮುದುಕನೊಬ್ಬ, ಅವನ ಹೆಗಲಿಗೆ ತಲೆಯಿಟ್ಟು ಗಡ್ಡದ ಮುದುಕನೊಬ್ಬ. ಯಾರ ಹೆದರಿಕೆ ಯಾರದು ಅಂತ ಬೇರೆ ಮಾಡಲು ಬರುತ್ತಿರಲಿಲ್ಲ.

ಕೂಸು ಕೊಸರಾಡಿತು. ಮುಖ ಕೆಂಪಾಯಿತು, ಇನ್ನೇನು ಚೀರುತ್ತದೆ. ಖಾಜಾಬೀ ನನ್ನನ್ನು ನೋಡಿದಳು. ಆ ಕಣ್ಣು ನಾನು ಸಾಯುವತನಕ ಮರೆಯುವಂಥದ್ದಲ್ಲ. ನನ್ನ ಕೈ ಕಿಸೆಗೆ ಹೋಯಿತು. ರೂತಳ ಪಾಲಿನ ಪೇಡೆ ತೆಗೆದು ಚೂರು ಮುರಿದು ಕೂಸಿನ ನಾಲಗೆಯ ಮೇಲಿಟ್ಟೆ. ಅದು ಚೀಪತೊಡಗಿತು. ಚೀಟಿಯನ್ನೂ ಕಸಿದುಕೊಂಡು ಅಂಚು ಚೀಪಿತು.

ಮಾರ್ತವ್ವ ನನ್ನ ಕಿವಿಯ ಹತ್ತಿರ ಬಂದಳು. "ಪ್ರಾರ್ಥನಾ ಮಾಡ್ರಿ. ನೀವು ಉಪದೇಶಿ ಇದ್ದೀರಿ."

ನನ್ನ ಹತ್ತಿರ ಪುಸ್ತಕವಿರಲಿಲ್ಲ, ಬಾಯಿಪಾಠ ಒಂದೂ ನೆನಪಾಗಲಿಲ್ಲ. 'ಅಪ್ಪಾ, ಇಲ್ಲೇ ಇದ್ದೇವಿ. ಈ ಕೂಸು ಅಳದಂಗ ನೋಡಿಕೋ' ಅಂದೆ. ಅಷ್ಟೇ. ಅದನ್ನೇ ಮತ್ತೆ ಅಂದೆ, ಮತ್ತೆ ಅಂದೆ. ಯಾರೋ ಕೇಳುತ್ತಿದ್ದಾರೆ ಅಂತ ಗೊತ್ತಾಯಿತು. ಹೇಗೆ ಗೊತ್ತಾಯಿತು ಅಂತ ಕೇಳಬೇಡಿ. ಕತ್ತಲ ಕೋಣೆಗೆ ಹೋದಾಗ ಒಳಗೆ ಯಾರೋ ಮಲಗಿದ್ದಾರೆ ಅಂತ ಗೊತ್ತಾಗುತ್ತದಲ್ಲ, ಹಾಗೆ.

ಸ್ವಲ್ಪ ಹೊತ್ತಿಗೆ, ಮರ ಹತ್ತಿ ನೋಡುತ್ತಿದ್ದ ಊರ ಗೌಡ ಇಳಿದು ಬಂದ. "ಯಾವ ದಿಕ್ಕಿನಾಗೂ ಒಂದು ಹುಳ ಸೈತ ಕಾಣವಲ್ದು. ಗಂಟಿ ಬಡದೋರು ಯಾರು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಹೊಳೆಯಿತು ನನಗೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ನಾನ್ರಿ" ಅಂದೆ. "ಪ್ರಾರ್ಥನೆಗಂತ ಬಾರಿಸಿದೆ."

ಗೌಡ ಕೈ ಎತ್ತಿಕೊಂಡೇ ಬಂದ. "ಪ್ರಾರ್ಥನಾಕ್ಕ? ತಲಿ ನೆಟ್ಟಗ ಅದ ಏನ್ರಿ ನಿಮಗ? ಮುದುಕರ ಜೀವ ಹೋಗಿದ್ರ?"

ಮಾರ್ತವ್ವ ನಡುವೆ ನಿಂತಳು. "ಅವರಿಗಿ ಯಾರು ಹೇಳ್ಯಾರೋ? ನಾ ಹೇಳಬೇಕಾಗಿತ್ತು. ಅವರ ಊರಾಗ ಗಂಟಿ ಅಂದ್ರ ಪ್ರಾರ್ಥನಾನೇ." ಆಮೇಲೆ ನನ್ನ ಕಡೆ ತಿರುಗಿದಳು. "ಮೊದಲ ಸಲ ಗಂಟಿ ಬಡದಾಗ ನಿಜಾಮನ ಕಡಿ ಮಂದಿ ನಮ್ಮ ಮ್ಯಾಲ ಬಂದಿದ್ರು. ಈ ಖಾಜಾಬೀ ಮಂದಿ ನಮಗ ಅವರ ಮನ್ಯಾಗ ಮುಚ್ಚಿ ಇಟ್ರು. ಎರಡನೇ ಸಲ ಬಡದಾಗ ದಂಡು ಬಂದ ಮ್ಯಾಲ ಬ್ಯಾರೇ ಮಂದಿ ಸೇಡಿಗಿ ಇವರ ಮ್ಯಾಲ ಬಂದಿದ್ರು. ನಾವು ಇವರಿಗಿ ಗುಡಿಯಾಗ ಮುಚ್ಚಿ ಇಟ್ಟೇವಿ. ಇಕಿ ಗಂಡ ಹೊಲದಾಗಿದ್ದ, ಬರಲಾಕ ಆಗಲಿಲ್ಲ. ಅವತ್ತಿಂದ ಗಂಟಿ ಬಡದ್ರ ಯಾರ ಮ್ಯಾಲ ಅಂತ ಕೇಳೂದು ಬಿಟ್ಟೇವ್ರಿ. ಊರೇ ಓಡ್ತದ. ಪ್ರಾರ್ಥನಾಕ್ಕ ನಾ ಮನಿ ಮನಿಗಿ ಹೋಗಿ ಕರೀತೇನಿ."

ನಾನು ನೆಲಕ್ಕೆ ಕೂತು ಅತ್ತೆ. ನಾಚಿಕೆಯಿಲ್ಲದೆ ಬಿಕ್ಕಿ ಬಿಕ್ಕಿ ಅತ್ತೆ. ಗೌಡನ ಕೈ ಇಳಿಯಿತು. ಖಾಜಾಬೀಯ ಕೂಸು ಪೇಡೆ ಮುಗಿಸಿ, ಚೀಟಿ ಉಗುಳಿ, ಇನ್ನೊಂದು ಬೇಕು ಅಂತ ನನ್ನ ಕಿಸೆಗೆ ಕೈ ಚಾಚಿತು. ಅವಳು ನಕ್ಕಳು. "ಅಣ್ಣಾ, ಇದಕ್ಕ ಇನ್ನಾ ಬೇಕಂತ್ರಿ" ಅಂದಳು.

ಗುಡಿಯಲ್ಲಿ

"ಹ್ಯಾಂಗೂ ಎಲ್ಲಾರೂ ಎದ್ದೀವಿ, ನಡೀರಿ" ಅಂದಳು ಮಾರ್ತವ್ವ. ಹೊಲದಿಂದ ನೇರ ಗುಡಿಗೆ ಹೋದೆವು, ಮೈಮೇಲೆ ತೊಗರಿಯ ಎಲೆ ಅಂಟಿಸಿಕೊಂಡು, ಗಂಟುಗಳ ಸಮೇತ. ನಮ್ಮವರು ಒಳಗೆ ಕೂತರು. ಗೌಡ, ಆ ಗಡ್ಡದ ಮುದುಕ, ಖಾಜಾಬೀ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತರು, ದಣಿವಾರಿಸಿ ಹೋಗೋಣ ಅಂತ. ನನ್ನನ್ನು ಗೋಡೆಗೊರಗಿಸಿ ಕೂರಿಸಿದರು.

ಆ ಕಡೆಯವರು ಹಾಡಿಗೆ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ. ಅಂದು ಯಾರಿಗೂ ಹಾಡು ಎತ್ತುವ ಶಕ್ತಿ ಇರಲಿಲ್ಲ. ಓಡಿ ಬಂದ ದಮ್ಮು ಇನ್ನೂ ಇಳಿದಿರಲಿಲ್ಲ. ಮಾರ್ತವ್ವನ ಎದೆ ಏರಿ ಇಳಿಯುತ್ತಿತ್ತು. ಹೊರಗೆ ಮುದುಕ ಏದುಸಿರು ಬಿಡುತ್ತಿದ್ದ. ಮೊದಲು ಒಬ್ಬೊಬ್ಬರದು ಬೇರೆ ಬೇರೆ ಕೇಳುತ್ತಿತ್ತು. ಆಮೇಲೆ ಮೆಲ್ಲಗೆ, ಹೇಗೋ, ಎಲ್ಲ ಕೂಡಿಕೊಂಡಿತು. ಒಳಗಿನವರದು, ಹೊರಗಿನವರದು, ಮಲಗಿಹೋದ ಕೂಸಿನದು, ನನ್ನದು. ಆ ಸಣ್ಣ ಗುಡಿ ಉಸಿರಾಡುತ್ತಿತ್ತು.

ರೂತ ಹೇಳಿದ್ದು ಇದೇ. ಇಪ್ಪತ್ತೆಂಟು ವರ್ಷ ಹೇಳಿದ್ದಳು, ನಾನು ಬಾವಲಿ ಅಂದಿದ್ದೆ. ಒಬ್ಬನೇ ಕೂತವನಿಗೆ ಅದು ಕೇಳುವಂಥದ್ದಲ್ಲ. ತಲೆಯನ್ನು ಗೋಡೆಗೆ, ಎಣ್ಣೆಯ ಆ ಕಲೆಗೆ, ಒರಗಿಸಿದೆ. ತಡವಾಗಿ ಬಂದೆ ಕಣೇ, ತಪ್ಪಾಯಿತು ಅಂತ ಮನಸ್ಸಿನಲ್ಲೇ ಹೇಳಿದೆ.

ಮರಳಿ

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಧಾರವಾಡ ಸೇರಿದೆ. ಅಯ್ಯನವರು ನನ್ನ ಕಾಲು ನೋಡಿದರು, ಒಂದು ಜೋಡಿ ಮೊಗಲಾಯಿ ಚಪ್ಪಲಿ ಹೊಸದು. ಆಮೇಲೆ ಕೈ ಚಾಚಿದರು. ಕಿಸೆಯಿಂದ ಚೀಟಿ ತೆಗೆದು ಕೊಟ್ಟೆ. ಮೂಲೆಯೆಲ್ಲ ಕೂಸಿನ ಜೊಲ್ಲಿಗೆ ಹರಿದಿತ್ತು, ಉಳಿದದ್ದಕ್ಕೆ ಪೇಡೆಯ ಜಿಡ್ಡು ಮೆತ್ತಿ ಮಸಿ ಅಳಿಸಿಹೋಗಿತ್ತು.

ಅವರು ಅದನ್ನು ದೀಪಕ್ಕೆ ಹಿಡಿದು ನೋಡಿದರು. "ಏನೂ ಓದಾಕ ಬರವಲ್ದಲ್ರಿ" ಅಂದರು.

"ಹೌದ್ರಿ. ಇರಲಿ ಬಿಡ್ರಿ" ಅಂದೆ.

ಬೆಳಿಗ್ಗೆ ಹಬ್ಬದ ಗಂಟೆ ಬಾರಿಸಲು ಹೋದೆ. ಇಪ್ಪತ್ತು ವರ್ಷ ಹಿಡಿದ ಹಗ್ಗ. ಹಿಡಿದೆ, ಎಳೆಯಲು ಕೈ ಬರಲಿಲ್ಲ. ನಾಯಿ ಬೊಗಳುವುದು, ಬಾಗಿಲು ಢಬ್ಬೆನ್ನುವುದು ಕಿವಿಯಲ್ಲಿತ್ತು. ಕೊನೆಗೆ ಮೆಲ್ಲಗೆ ಒಂದು ಸಲ ಬಾರಿಸಿ ನಿಂತು ಬೀದಿ ನೋಡಿದೆ. ಇನ್ನೊಂದು ಬಾರಿಸಿದೆ, ಮತ್ತೆ ನೋಡಿದೆ. ಒಬ್ಬಳು ಜಡೆಗೆ ಹೂ ಮುಡಿಯುತ್ತ ಹೊರಬಂದಳು. ಮುದುಕನೊಬ್ಬ ಕನ್ನಡಕ ಒರೆಸಿಕೊಳ್ಳುತ್ತ ಬಂದ. ಅವಸರವಿಲ್ಲದೆ, ಹರಟುತ್ತ, ಒಬ್ಬರನ್ನೊಬ್ಬರು ಕಾಯುತ್ತ ಜನ ಬಂದರು. ಗಂಟೆ ಕೇಳಿ ಯಾರೂ ಓಡಲಿಲ್ಲ.

ಅಂದಿನ ಪ್ರಾರ್ಥನೆ ನಾನೇ ಮಾಡಿದೆ. ಅದರ ಮೊದಲ ಮಾತು ಅದೇ, 'ಅಪ್ಪಾ, ಗಂಟಿ ಕೇಳಿ ಯಾರೂ ಓಡಲಿಲ್ಲ.'